ಡ್ರೈವರಮ್ಮನ ಹತ್ತು ಬಟ್ಟೆ

ಹಾಗಂತ ಡ್ರೈವರಮ್ಮನಿಗೆ ಬಟ್ಟೆಯ ಮೇಲೆ ಆಸೆಯೇ ಇರಲಿಲ್ಲ ಅಂತ ಮಾತ್ರ ತಿಳಿಯಬೇಡಿ. ಆಸೆ ಇತ್ತು, ಪುರಸೊತ್ತು ಇರಲಿಲ್ಲ, ಅಷ್ಟೇ. ಹದಿನೆಂಟು ವರ್ಷ ಸಿಟಿ ಬಸ್ಸು ಓಡಿಸಿದವರು ಅವರು. ದೊಡ್ಡಾಸ್ಪತ್ರೆಯಿಂದ ಗಿರಣಿ ಗೇಟು, ಗಿರಣಿ ಗೇಟಿನಿಂದ ದೊಡ್ಡಾಸ್ಪತ್ರೆ, ದಿನಕ್ಕೆ ಎಂಟು ಸಲ. ಬೆಳಿಗ್ಗೆ ಎದ್ದು ದೀಪ ಕೂಡ ಹಾಕದೆ ಬೀರುವಿಗೆ ಕೈ ಹಾಕಿದರೆ ಮೊದಲ ಹ್ಯಾಂಗರಿನಲ್ಲಿ ತಿಳಿನೀಲಿ ಅಂಗಿ, ಎರಡನೆಯದರಲ್ಲಿ ಬದಿಗೆ ಬಿಳಿ ಪಟ್ಟಿ ಹೊಲಿದ ಕಡುನೀಲಿ ಪ್ಯಾಂಟು. ಇವತ್ತು ಏನು ಹಾಕಿಕೊಳ್ಳಲಿ ಎಂದು ಕನ್ನಡಿಯ ಮುಂದೆ ನಿಂತವರೇ ಅಲ್ಲ. ನೆಂಟರ ಮನೆಗೆ ಹೋಗುವುದಿದ್ದರೂ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಹೋಗಿ, ಊಟ ಮಾಡಿ, ಕೂತಲ್ಲೇ ಒಂದು ಗಳಿಗೆ ತೂಕಡಿಸಿ ಬರುತ್ತಿದ್ದರು.

ಆಳು ಗಿಡ್ಡ, ದನಿ ಉದ್ದ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕಂಡಕ್ಟರಿನಿಂದ ಹಿಡಿದು ಮನೆಯ ಯಜಮಾನರವರೆಗೆ ಎಲ್ಲರಿಗೂ ಡ್ರೈವರಮ್ಮನೇ. ಕೈಗಡಿಯಾರ ರಿಪೇರಿ ಮಾಡುವ ಯಜಮಾನರು ಮನೆಯ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿರುತ್ತಾರೆ. ಹೆಂಡತಿ ಮನೆಗೆ ಬಂದ ಸದ್ದಾದರೆ ತಲೆ ಎತ್ತದೆಯೇ, "ಡ್ರೈವರಮ್ಮ ಬಂದ್ರಾ? ಇವತ್ತು ನಾಲ್ಕು ನಿಮಿಷ ಲೇಟು" ಅನ್ನುತ್ತಾರೆ. ಕಾಲೇಜಿಗೆ ಹೋಗುವ ಒಬ್ಬ ಮಗಳಿದ್ದಾಳೆ. ಅವಳ ಬಾಯಿ ಅಮ್ಮನದೇ, ತಾಳ್ಮೆ ಮಾತ್ರ ಅಪ್ಪನಿಂದ ಬರಲಿಲ್ಲ.

ಈ ಡ್ರೈವರಮ್ಮನಿಗೆ ಒಂದು ಹುಚ್ಚಿತ್ತು. ಕಲಿಸುವ ಹುಚ್ಚು. ಗಿರಣಿ ಗೇಟಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದಲ್ಲ, ಬೇರೆ ಡ್ರೈವರುಗಳು ಆ ಹೊತ್ತಿನಲ್ಲಿ ಟೀ ಕುಡಿದರೆ ಇವರು ಕಂಡಕ್ಟರ್ ಹುಡುಗಿಯನ್ನು ಸೀಟಿನಲ್ಲಿ ಕೂರಿಸಿ, ಕನ್ನಡಿಯಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಹೇಳಿಕೊಡುತ್ತಿದ್ದರು. ಇವರಿಗೆ ಬಸ್ಸು ಕಲಿಸಿದ ಮೇಷ್ಟರು ಗೇರು ತಪ್ಪಿದಾಗಲೆಲ್ಲ ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರಂತೆ. ಬಸ್ಸು ಕಲಿಯಲು ಹೊಡೆತ ಬೇಕಿಲ್ಲ ಎಂದು ಒಮ್ಮೆಯಾದರೂ ತೋರಿಸಬೇಕು ಅನ್ನುವುದು ಆಗಿನಿಂದಲೂ ಅವರ ಮನಸ್ಸಿನಲ್ಲಿ ಕೂತಿತ್ತು.

ಹಾಗಿರುವಾಗ ಡಿಪೋದ ತರಬೇತಿ ಹಾಲಿನ ಮೇಷ್ಟರು ನಿವೃತ್ತರಾದರು. ಆ ಜಾಗಕ್ಕೆ ಇಬ್ಬರ ಹೆಸರು ಬಂತು. ಒಂದು ಡ್ರೈವರಮ್ಮನದು, ಇನ್ನೊಂದು ಹಾರ್ನ್ ಮಾಮನದು. ಹಾರ್ನ್ ಮಾಮ ಅಂದರೆ ಸೀನಿಯರ್ ಡ್ರೈವರ್. ಎದುರಿಗೆ ಬೆಕ್ಕು ಅಡ್ಡ ಬಂದರೂ ಸರಿ, ಯಾರೂ ಬರದಿದ್ದರೂ ಸರಿ, ಅವರ ಕೈ ಹಾರ್ನಿನ ಮೇಲೆಯೇ. ಹೊಸ ಬ್ಯಾಚಿನಲ್ಲಿ ಹದಿನಾಲ್ಕು ಜನ, ಅದರಲ್ಲಿ ಆರು ಹುಡುಗಿಯರು. ಹುಡುಗಿಯರಿಗೆ ಮಿನಿ ಬಸ್ಸು ಕಲಿಸಿದರೆ ಸಾಕು, ದೊಡ್ಡದು ಯಾಕೆ ಅನ್ನುವುದು ಹಾರ್ನ್ ಮಾಮನ ಅಭಿಪ್ರಾಯ. ಅದನ್ನು ಕೇಳಿದ ದಿನ ಡ್ರೈವರಮ್ಮ ಮಧ್ಯಾಹ್ನದ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿದ್ದರು. ಆ ಜಾಗ ತಮಗೇ ಸಿಗಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡರು.

ಮ್ಯಾನೇಜರು ಕರೆದು, ಹತ್ತು ದಿನ ಬಿಟ್ಟು ಶನಿವಾರ ಒಂದು ತರಗತಿ ತೆಗೆದುಕೊಳ್ಳಿ, ನೋಡಿ ತೀರ್ಮಾನ ಮಾಡುತ್ತೇನೆ ಎಂದರು. ಬಾಗಿಲವರೆಗೆ ಬಂದವರನ್ನು ಮತ್ತೆ ಕರೆದು ಒಂದು ಮಾತು ಸೇರಿಸಿದರು.

"ಯೂನಿಫಾರ್ಮ್ ಹಾಕ್ಕೊಂಡ್ ಬರ್ಬೇಡಿ ಅಮ್ಮಾ. ಯೂನಿಫಾರ್ಮಲ್ಲಿ ಹಾಲ್‌ನಲ್ಲಿ ನಿಂತ್ರೆ ಟೈಮ್ ಕೀಪರ್ ಬಿಡ್ತಾನಾ? ಯಾರೋ ರಜ ಹಾಕಿದಾರೆ ಅಂತ ಪಾಠದ ಮಧ್ಯ ಎಳ್ಕೊಂಡ್ ಹೋಗಿ ಬಸ್ ಹತ್ತಿಸ್ಬಿಡ್ತಾನೆ. ಹಳೇ ಮೇಷ್ಟ್ರಿಗೆ ಎಷ್ಟ್ ಸಲ ಹಂಗಾಗಿದೆ ಗೊತ್ತಾ?"

ಡ್ರೈವರಮ್ಮ ಹೆದರಿದ್ದು ಆಗ. ಪಾಠಕ್ಕಲ್ಲ, ಬಟ್ಟೆಗೆ.

ಮನೆಯಲ್ಲಿ ವಿಷಯ ತಿಳಿದ ಕೂಡಲೇ ನಾದಿನಿ ಟೊಂಕ ಕಟ್ಟಿ ನಿಂತಳು. ಅವಳು ಕಣ್ಣಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂರುವವಳು, ದಿನಕ್ಕೊಂದು ಬಣ್ಣ ಉಡುವವಳು, ಆಳು ದಪ್ಪ, ನಗು ಇನ್ನೂ ದಪ್ಪ. ಅತ್ತಿಗೆಯನ್ನು ನಾಲ್ಕು ಮಹಡಿಯ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದಳು. ಎಂಥ ಸಂದಿಯಲ್ಲೂ ಬಸ್ಸು ನುಗ್ಗಿಸಿ ಒಂದು ಗೀರೂ ಇಲ್ಲದೆ ಹೊರಗೆ ತರುವ ಡ್ರೈವರಮ್ಮ ಆ ಹ್ಯಾಂಗರುಗಳ ಸಾಲಿನ ನಡುವೆ ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯದೆ ನಿಂತುಬಿಟ್ಟರು. ಸುತ್ತ ಕನ್ನಡಿ, ಕಣ್ಣು ಕುಕ್ಕುವ ದೀಪ, ಒಂದೇ ಅಂಗಿ ಇಪ್ಪತ್ತು ಬಣ್ಣದಲ್ಲಿ. ಕೆಲಸದ ಹುಡುಗಿ ಬಂದು, ಎಂಥದ್ದು ನೋಡ್ತೀರಿ ಮೇಡಂ, ಫಾರ್ಮಲ್ಲಾ ಕ್ಯಾಶುವಲ್ಲಾ ಎಂದು ಕೇಳಿದಳು. ಪಾಠ ಹೇಳುವಂಥದ್ದು ಎಂದರು ಡ್ರೈವರಮ್ಮ. ಹುಡುಗಿ ಒಂದು ಕ್ಷಣ ಯೋಚಿಸಿ ಮೂರನೇ ಮಹಡಿ ಎಂದು ಬೆರಳು ತೋರಿಸಿದಳು. ಮೂರನೇ ಮಹಡಿಯವರು ಎರಡನೆಯದಕ್ಕೆ ಕಳಿಸಿದರು.

ಆಯ್ಕೆ ಹೇಗೆ ನಡೆಯಿತು ಅಂದರೆ, ಅರ್ಧ ನಾದಿನಿಯ ಕಣ್ಣಿಗೆ ಬಿದ್ದದ್ದು, ಅರ್ಧ ದೂರದಿಂದ ಚೆನ್ನಾಗಿ ಕಾಣುವಂಥದ್ದು. ರಸ್ತೆಯಲ್ಲಿ ಬದುಕುವವರಿಗೆ ದೂರದಿಂದ ಕಾಣುವುದೇ ದೊಡ್ಡ ಗುಣ ತಾನೇ? ಹಾಗಾಗಿ ಕಿತ್ತಳೆ ಬಂತು, ಹಳದಿ ಬಂತು, ಗಿಳಿಹಸಿರು ಬಂತು. ನಾದಿನಿ ಟ್ರಯಲ್ ರೂಮಿನ ಹೊರಗೆ ಕಾದು ನಿಂತರೆ ಒಳಗಿನಿಂದ ಸ್ಟೂಲು ಕಿರ್ರೆಂದ ಸದ್ದು, ಒಂದು ನಿಟ್ಟುಸಿರು, ಆಮೇಲೆ ಬಾಗಿಲ ಸಂದಿಯಿಂದ ಅಂಗಿ ಹಿಡಿದ ಕೈ.

"ಬೆನ್ನಲ್ಲಿ ಹಿಡಿಯುತ್ತೆ ಕಣೇ. ಇನ್ನೊಂದ್ ಸೈಜ್ ದೊಡ್ಡದು ಕೊಡು."

ಪ್ರತಿ ಸಲವೂ ಅದೇ. ಸ್ಟೂಲು ಕಿರ್ರೆನ್ನುವುದು, ಕೈ ಹೊರಗೆ ಬರುವುದು, ಸೈಜು ದೊಡ್ಡದಾಗುವುದು. ಒಂದು ದಿನಕ್ಕೆ ಮುಗಿಯದೆ ಇನ್ನೆರಡು ದಿನ ಬೇರೆ ಅಂಗಡಿಗಳಿಗೆ ಅಲೆದರು. ಮೂರನೆಯ ದಿನ ಡ್ರೈವರಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಎರಡು ಷಿಫ್ಟು ಒಟ್ಟಿಗೆ ಓಡಿಸಿದರೂ ಇಷ್ಟು ಸುಸ್ತಾಗುವುದಿಲ್ಲ ಎಂದರು. ಒಟ್ಟು ಹದಿನಾಲ್ಕು ಬಟ್ಟೆ ಮನೆ ಸೇರಿದವು. ಮಗಳು ಮಂಚದ ಮೇಲೆ ಹರಡಿದ್ದನ್ನು ನೋಡಿ, "ಅಮ್ಮಾ, ಇದೇನು, ಸಿಗ್ನಲ್ ದೀಪ ಎಲ್ಲಾ ಒಂದೇ ಸಲ ಹತ್ಕೊಂಡ ಹಾಗಿದೆ" ಎಂದಳು. ನಾದಿನಿ ಮೂಗು ಮುರಿದು, ಈಗಿನ ಹುಡುಗಿಯರಿಗೆ ಕಣ್ಣೇ ಇಲ್ಲ ಎಂದಳು.

ಶನಿವಾರ ಬಂತು. ಬೆಳಿಗ್ಗೆ ಮುಕ್ಕಾಲು ಗಂಟೆ ಕನ್ನಡಿಯ ಮುಂದೆ ಕಳೆದ ಮೇಲೆ, ಇನ್ನು ತಡವಾಗುತ್ತದೆ ಅಂತ ಕೈಗೆ ಸಿಕ್ಕಿದ ಕಿತ್ತಳೆ ಬಣ್ಣದ ಉದ್ದ ಅಂಗಿ, ಹೂವಿನ ಪ್ಯಾಂಟು ಹಾಕಿಕೊಂಡು ಡ್ರೈವರಮ್ಮ ಡಿಪೋಗೆ ಹೋದರು. ಹದಿನೆಂಟು ವರ್ಷದಿಂದ ದಿನಾ ಕೈ ಎತ್ತುವ ಗೇಟಿನ ಕಾವಲುಗಾರ ಅವರನ್ನು ಮೇಲಿಂದ ಕೆಳಗೆ ನೋಡಿ, ಕಳೆದುಹೋದ ಸಾಮಾನಿನ ಕೌಂಟರು ಆ ಕಡೆ ಎಂದು ದಾರಿ ತೋರಿಸಿದ. ನಾನು ಕಣಪ್ಪಾ ಎನ್ನಲು ನಾಚಿಕೆಯಾಗಿ ಡ್ರೈವರಮ್ಮ ಆ ಕಡೆಗೇ ನಡೆದು, ಕೌಂಟರಿನ ಹಿಂದಿನಿಂದ ಸುತ್ತಿಕೊಂಡು ಹಾಲಿಗೆ ಹೋದರು.

ಪಾಠ ಏನೆಂದರೆ ದೊಡ್ಡ ಬಸ್ಸು ಇಕ್ಕಟ್ಟಿನ ತಿರುವಿನಲ್ಲಿ ತಿರುಗುವುದು. ಅವರಿಗೆ ನೀರು ಕುಡಿದಷ್ಟು ಸಲೀಸು. ಬೋರ್ಡಿನ ಮೇಲೆ ರಸ್ತೆ ಬರೆದರು, ಬಸ್ಸು ಬರೆದರು, ಚಕ್ರ ಬರೆದರು. ಆದರೆ ಅಂಗಿಯ ತೋಳು ಬೆರಳು ದಾಟಿ ಜೋತಾಡುತ್ತಿತ್ತು. ಮುಂದಿನ ಚಕ್ರ ಬರೆಯುವಷ್ಟರಲ್ಲಿ ತೋಳು ಹಿಂದಿನ ಚಕ್ರವನ್ನು ಒರೆಸಿಹಾಕಿತ್ತು.

"ಮೇಡಂ, ಹಿಂದಿನ ಚಕ್ರ ಎಲ್ಹೋಯ್ತು?" ಎಂದು ಮೊದಲ ಬೆಂಚಿನಿಂದ ಒಬ್ಬ ಕೇಳಿದ. ಹಾಲು ಗೊಳ್ಳೆಂದಿತು. ಡ್ರೈವರಮ್ಮ ತೋಳು ಮಡಚಿದರು, ಅದು ಜಾರಿತು. ಹೆಗಲು ಏರಿಸಿಕೊಂಡರು, ಅದೂ ಜಾರಿತು. ಬಸ್ಸಿನ ಬಾಲ ಹೇಗೆ ಬೀಸುತ್ತದೆಂದು ತೋರಿಸಲು ಹಿಂದಕ್ಕೆ ಹೆಜ್ಜೆ ಇಟ್ಟಾಗ ತಮ್ಮದೇ ಪ್ಯಾಂಟಿನ ಅಂಚನ್ನು ತುಳಿದು ಮುಗ್ಗರಿಸಿದರು. ಒಂದು ಗಂಟೆಯ ಪಾಠ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಆ ಆರು ಹುಡುಗಿಯರು ಮಾತ್ರ ನಗಲಿಲ್ಲವಂತೆ. ತಲೆ ತಗ್ಗಿಸಿ ಕೂತಿದ್ದರಂತೆ. ಅದು ನಗುವುದಕ್ಕಿಂತ ಹೆಚ್ಚು ನೋಯಿಸಿತು.

ಬಾಗಿಲಲ್ಲಿ ಹಾರ್ನ್ ಮಾಮ ನಿಂತಿದ್ದರು. ಕಿತ್ತಳೆ ಅಂಗಿಯನ್ನು ನೋಡಿ, "ಏನಮ್ಮಾ, ರಸ್ತೆ ಅಗೆಯೋ ಕೆಲ್ಸ ಯಾವಾಗಿಂದ?" ಎಂದರು.

ಮ್ಯಾನೇಜರು ಒಳ್ಳೆಯವರು. ಬೈಯಲಿಲ್ಲ. ಮುಂದಿನ ಶನಿವಾರ ಇನ್ನೊಂದು ಸಲ ನೋಡೋಣ, ಅದೂ ಹೀಗೇ ಆದರೆ ಹಾರ್ನ್ ಮಾಮನಿಗೇ ಕೊಡಬೇಕಾಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮನೆಗೆ ಬಂದ ಡ್ರೈವರಮ್ಮ ಒಂದು ಕಾಗದ, ಪೆನ್ನು ತೆಗೆದುಕೊಂಡು ಯಜಮಾನರ ಮೇಜಿನ ಎದುರಿಗೆ ಕೂತರು. ಆ ಜಾಗ ನನಗೆ ಬೇಡ ಅಂತ ಬರೆದುಕೊಟ್ಟುಬಿಡುತ್ತೇನೆ, ಬಸ್ಸೇ ಓಡಿಸಿಕೊಂಡಿರುತ್ತೇನೆ ಎಂದರು. ಯಜಮಾನರು ಮಸೂರ ತೆಗೆದು ಕೆಳಗಿಟ್ಟರು. ಅವರು ಮಸೂರ ತೆಗೆಯುವುದು ತೀರಾ ಅಪರೂಪ.

"ಬಟ್ಟೆಗೋಸ್ಕರ ಪಾಠ ಬಿಡ್ತೀಯಾ?"

"ಬಟ್ಟೆಗೋಸ್ಕರ ಅಲ್ಲಾರೀ. ಆ ಮಕ್ಕಳ ಮುಂದೆ ನಿಂತಿದ್ದು ನಾನಲ್ಲ. ನಾನು ಎಲ್ಲಿ ಹೋಗಿದ್ದೆ ಅಂತ ನನಗೇ ಗೊತ್ತಾಗ್ಲಿಲ್ಲ."

ಯಜಮಾನರು, ಹಾಗಾದರೆ ಸೋಮವಾರ ಬರೆ, ಇವತ್ತು ಬರೆಯಬೇಡ ಎಂದು ಕಾಗದವನ್ನು ತಮ್ಮ ಡ್ರಾಯರಿನೊಳಗೆ ಹಾಕಿಕೊಂಡರು. ಅಷ್ಟೇ ಅವರು ಆಡಿದ್ದು.

ನಾದಿನಿಗೆ ಮಾತ್ರ ಇದಕ್ಕೆಲ್ಲ ಒಂದೇ ಮದ್ದು, ಇನ್ನೊಂದು ಅಂಗಡಿ. ಸಾಯಂಕಾಲದೊಳಗೆ ನಲವತ್ತಮೂರು ಫೋಟೋ ಕಳಿಸಿದಳು. ಕೋಟು ಹಾಕಿದವಳು, ಕೋಟು ಹೆಗಲಿಗೆ ಹಾಕಿದವಳು, ಕೋಟು ಇದ್ದೂ ಹಾಕದೆ ನಿಂತವಳು. ಫೋನು ಟಣ್ ಟಣ್ ಎಂದಾಗಲೆಲ್ಲ ಡ್ರೈವರಮ್ಮ ಬೆಚ್ಚುತ್ತಿದ್ದರು. ಕೊನೆಗೆ ಅದನ್ನು ದಿಂಬಿನ ಕೆಳಗೆ ಹಾಕಿ ಅದರ ಮೇಲೆಯೇ ಕೂತರು. ಇನ್ನು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಇರುವುದನ್ನೇ ಚಿಕ್ಕದು ಮಾಡಿಸಿಕೊಂಡು ಬರುತ್ತೇನೆ, ಆಗದಿದ್ದರೆ ಬಿಟ್ಟೆ ಎಂದರು. ಭಾನುವಾರ ಬೆಳಿಗ್ಗೆ ಹದಿನಾಲ್ಕನ್ನೂ ಒಂದು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಮಗಳ ತಲೆಯ ಮೇಲೆ ಹೊರಿಸಿ, ಆಲ್ಟರೇಶನ್ ತಾತನ ಹತ್ತಿರ ನಡೆದರು.

ತಾತನ ಅಂಗಡಿ ಲಾಂಡ್ರಿಯ ಪಕ್ಕದ ಮೆಟ್ಟಿಲ ಕೆಳಗೆ. ಒಂದು ಮಂಚದಷ್ಟು ಅಗಲ. ಒಳಗೆ ಒಂದು ಹೊಲಿಗೆ ಮೆಷಿನ್ನು, ಒಂದು ಬಲ್ಬು, ಗೋಡೆಗೆ ಆನಿಸಿದ ಕನ್ನಡಿಯ ಚೂರು. ತಾತ ಹೊಸ ಬಟ್ಟೆ ಹೊಲಿಯುವುದೇ ಇಲ್ಲ. ಹೊಸದು ಹೊಲಿಯುವವರು ಊರು ತುಂಬ ಇದ್ದಾರೆ, ಅವರು ಹೊಲಿದದ್ದನ್ನು ಬಿಚ್ಚಲು ಒಬ್ಬ ಬೇಡವೇ ಎನ್ನುತ್ತಾರೆ. ಗಂಟನ್ನು ನೋಡಿ, ಏನಮ್ಮಾ, ಮನೆ ಖಾಲಿ ಮಾಡ್ತಿದೀರಾ ಎಂದರು. ಡ್ರೈವರಮ್ಮ ಕಿತ್ತಳೆ ಅಂಗಿಯನ್ನೇ ಮೇಲೆ ಹಾಕಿಕೊಂಡು ನಿಂತರು. ತಾತ ಅಳತೆಯ ಟೇಪನ್ನು ಬೆನ್ನಿಗೆ ತಾಗಿಸಿದರು.

ತಾಗಿಸಿದ್ದೇ ತಡ, ಡ್ರೈವರಮ್ಮನ ಎರಡೂ ಕೈ ತಾವಾಗಿಯೇ ಮುಂದಕ್ಕೆ ಎದ್ದವು. ಮೊಣಕೈ ಸ್ವಲ್ಪ ಬಾಗಿ, ಮುಷ್ಟಿ ಬಿಗಿಯಾಗಿ, ಒಂದು ದೊಡ್ಡ ಚಕ್ರ ಹಿಡಿದ ಹಾಗೆ. ಮಂಡಿಯೂ ಬಾಗಿತು. ಹಿಂದೆ ಸ್ಟೂಲು ಇದೆಯೇನೋ ಅಂತ ಕೂರಲು ಹೋದರು.

ತಾತ ಟೇಪು ಹಿಡಿದುಕೊಂಡು ಹಾಗೇ ನಿಂತರು.

"ಎಲ್ಲಿಗಮ್ಮಾ ಹೊರಟ್ರಿ?"

"ಅಳತೆ ತಗೋತೀರಲ್ಲ, ಅದಕ್ಕೆ."

"ಅಳತೆಗೆ ಕೈ ಯಾಕೆ ಹಿಂಗ್ ಹಿಡೀತೀರಾ?"

"ನಮ್ಮ ಡಿಪೋದಲ್ಲಿ ಹೀಗೇ ತಾತ. ಯೂನಿಫಾರ್ಮ್ ದರ್ಜಿ ನಮ್ಮನ್ನ ಸ್ಟೂಲ್ ಮೇಲೆ ಕೂರಿಸಿ, ಸ್ಟೇರಿಂಗ್ ಹಿಡಿಯೋ ಹಾಗೆ ಕೈ ಹಿಡಿಸ್ತಾರೆ. ಇಲ್ದಿದ್ರೆ ಬೆನ್ನು ಹರಿದುಹೋಗಲ್ವಾ?"

ಮಗಳು ಗೋಡೆಗೆ ಒರಗಿದ್ದವಳು ನೆಟ್ಟಗಾದಳು. "ಅಮ್ಮಾ, ಅಂಗಡಿ ಟ್ರಯಲ್ ರೂಮಲ್ಲೂ ಹೀಗೇ ಮಾಡಿದ್ಯಾ?"

ಮಾಡಿದ್ದರು. ಹದಿನಾಲ್ಕಕ್ಕೂ ಮಾಡಿದ್ದರು. ಸ್ಟೂಲಿನ ಮೇಲೆ ಕೂತು, ಗಾಳಿಯಲ್ಲಿ ಸ್ಟೇರಿಂಗು ಹಿಡಿದು, ಒಂದು ಸಲ ಗೇರೂ ಬದಲಾಯಿಸಿ, ಬೆನ್ನು ಎಳೆದರೆ ದೊಡ್ಡ ಸೈಜು, ಮಂಡಿ ಎಳೆದರೆ ಇನ್ನೂ ದೊಡ್ಡ ಸೈಜು. ಹದಿನೆಂಟು ವರ್ಷದಲ್ಲಿ ಅಳತೆ ಅಂದರೆ ಅವರಿಗೆ ಅದೊಂದೇ ಗೊತ್ತಿತ್ತು. ಮಗಳು ನಗಲು ಶುರು ಮಾಡಿದವಳು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಡ್ರೈವರಮ್ಮನ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಲಾಂಡ್ರಿಯವನು ಇಸ್ತ್ರಿ ಬಿಟ್ಟು ಬಂದು ಇಣುಕಿದ.

ತಾತ ಮಾತ್ರ ನಗಲಿಲ್ಲ. ಕೆಲಸದ ಮನುಷ್ಯ. ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ಕೊಟ್ಟು, ಈ ಗೋಡೆಯ ಮೇಲೆ ಬಸ್ಸು ಬರೀರಿ ಎಂದರು. ಎಷ್ಟು ಎತ್ತರಕ್ಕೆ ಕೈ ಹೋಗುತ್ತದೆ, ಬಗ್ಗಿದಾಗ ಎಲ್ಲಿ ಎಳೆಯುತ್ತದೆ, ಹಿಂದಕ್ಕೆ ನಡೆದರೆ ಪ್ಯಾಂಟು ಎಲ್ಲಿ ತೊಡರುತ್ತದೆ ಎಂದು ಅರ್ಧ ಗಂಟೆ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು.

"ನಿಂತು ಮಾಡೋ ಕೆಲಸಕ್ಕೆ ಕೂತು ಅಳತೆ ತಗೊಂಡಿದೀರ ತಾಯಿ. ಅಂಗಡಿಯವ್ರದ್ದೂ ತಪ್ಪಿಲ್ಲ, ನಿಮ್ಮ ಮೈಯ್ಯದ್ದೂ ತಪ್ಪಿಲ್ಲ."

ಮೈಯದ್ದೂ ತಪ್ಪಿಲ್ಲ ಅನ್ನುವ ಮಾತು ಡ್ರೈವರಮ್ಮನನ್ನು ಎಷ್ಟು ಹಗುರ ಮಾಡಿತು ಅನ್ನುವುದು ಮೂರು ದಿನ ಕನ್ನಡಿಗಳ ನಡುವೆ ತಿರುಗಿದವರಿಗೇ ಗೊತ್ತು. ಹದಿನಾಲ್ಕನ್ನೂ ಚಿಕ್ಕದು ಮಾಡಿಕೊಡಿ ಎಂದರು. ತಾತ ತಲೆ ಅಲ್ಲಾಡಿಸಿದರು. ಮೊದಲು ಮನೆಗೆ ಹೋಗಿ ಯಾವುದು ಬೇಕು ನೋಡಿ, ಬೇಡದ್ದಕ್ಕೆ ನಾನು ಯಾಕೆ ದಾರ ಹಾಳು ಮಾಡಲಿ ಎಂದು ಗಂಟು ವಾಪಸು ಕೊಟ್ಟರು.

ಸರಿ, ಯಾವುದು ಬೇಕು? ಮಧ್ಯಾಹ್ನ ಊಟವಾದ ಮೇಲೆ ನಡುಮನೆಯ ನೆಲದ ಮೇಲೆ ಎಲ್ಲವನ್ನೂ ಹಾಸಿ ಡ್ರೈವರಮ್ಮ ಮತ್ತೆ ಕೈಚೆಲ್ಲಿ ಕೂತರು. ಒಂದೊಂದನ್ನೂ ಎತ್ತಿ, ಇದು ಚೆನ್ನಾಗಿದೆಯಾ ಎಂದರೆ ಚೆನ್ನಾಗಿಯೇ ಇತ್ತು. ಅದೂ ಚೆನ್ನಾಗಿತ್ತು, ಇದೂ ಚೆನ್ನಾಗಿತ್ತು, ಒಟ್ಟಿಗೆ ಸೇರಿಸಿದರೆ ಮಾತ್ರ ಜಗಳ. ಆಗ ಅವರಿಗೆ ಇದ್ದಕ್ಕಿದ್ದ ಹಾಗೆ ಹೊಳೆದದ್ದು ಡಿಪೋ. ಡಿಪೋದಲ್ಲಿ ಈ ಬಸ್ಸು ಚೆನ್ನಾಗಿದೆಯಾ ಎಂದು ಯಾರೂ ಕೇಳುವುದಿಲ್ಲ, ಇದು ಯಾವ ಯಾವ ರೂಟಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ನಾಲ್ಕು ರೂಟಿಗೆ ಹೋಗುವ ಬಸ್ಸು ಚಿನ್ನ. ಒಂದೇ ರೂಟಿಗೆ ಹೋಗುವುದು, ಎಷ್ಟೇ ಹೊಳೆಯಲಿ, ಮೂಲೆಯಲ್ಲಿ ನಿಂತು ಜಾಗ ತಿನ್ನುತ್ತದೆ. ಹತ್ತು ಬಸ್ಸಿದ್ದರೆ ಅರವತ್ತು ಟ್ರಿಪ್ಪು ಹೊರಡಿಸುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಗೆ ಗೆರೆ ಎಳೆದರು. ಎಡಗಡೆ ಪ್ಯಾಂಟು, ಮೇಲುಗಡೆ ಅಂಗಿ. ಮಗಳು ಟೈಮ್ ಕೀಪರ್. ಅವಳು ಒಂದೊಂದು ಅಂಗಿಯನ್ನು ಎತ್ತಿ ಹಿಡಿಯುವುದು, ಅದು ಎರಡು ಪ್ಯಾಂಟಿನ ಜೊತೆಗಾದರೂ ಹೋಗದಿದ್ದರೆ ಕೆಳಗಿಳಿಸುವುದು.

"ಈ ಹಳದಿ?"

"ಯಾರ ಜೊತೆಗೂ ಹೋಗಲ್ಲ."

"ಹೂವಿನ ಪ್ಯಾಂಟ್ ಜೊತೆ?"

"ಅದು ಸ್ಪೆಷಲ್ ಬಸ್ಸು. ಹೋದ್ರೆ ವಾಪಸ್ ಬರಲ್ಲ. ಇಳಿಸು."

ಕಿತ್ತಳೆ ಇಳಿಯಿತು, ಗಿಳಿಹಸಿರು ಇಳಿಯಿತು, ಹೂವಿನ ಪ್ಯಾಂಟು ಇಳಿಯಿತು. ಉಳಿದದ್ದು ಒಂದು ಕಂದುಗೆಂಪು ಅಂಗಿ, ಒಂದು ಕಡುಹಸಿರು, ಬೂದು ಬಣ್ಣದ ಮೇಲೆ ಸಣ್ಣ ಚುಕ್ಕಿಯದು ಒಂದು, ನಸುಗುಲಾಬಿ ಒಂದು, ಬೂದು ಪ್ಯಾಂಟು, ಬೂದು ಕೋಟು. ಆರು. ಒಂದೇ ಪ್ಯಾಂಟಿನಲ್ಲಿ ಎಷ್ಟು ಟ್ರಿಪ್ಪು ಹೊಡೆಸುವುದು? ಯಜಮಾನರು ಕಿಟಕಿಯ ಪಕ್ಕದಿಂದಲೇ, ಬೀರುವಿನಲ್ಲಿ ನಿನ್ನ ಕಡುನೀಲಿ ಪ್ಯಾಂಟುಗಳಿವೆಯಲ್ಲ, ಅವುಗಳ ಪಟ್ಟಿ ಬಿಚ್ಚಿದರೆ ಅವೂ ಬರೀ ಪ್ಯಾಂಟೇ ತಾನೇ ಎಂದರು. ಅಮ್ಮ, ಮಗಳು ಇಬ್ಬರೂ ಅವರ ಕಡೆ ತಿರುಗಿ ನೋಡಿದರು. ನಿಜವೇ. ಯೂನಿಫಾರ್ಮು ಅಂತ ಅದನ್ನು ಬಟ್ಟೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಲ್ಲಿಗೆ ಪ್ಯಾಂಟು ಮೂರಾಯಿತು. ಹಳೆಯ ಕಪ್ಪು ಸ್ವೆಟರು ಯಾವಾಗಲೂ ಇತ್ತು.

ಅಷ್ಟರಲ್ಲಿ ನಾದಿನಿ ಬಂದಳು. ಕೆಳಗಿಳಿದ ರಾಶಿಯನ್ನು ಕಂಡು ಮುಖ ಸಪ್ಪಗಾಯಿತು.

"ಅತ್ತಿಗೆ, ಅವೆಲ್ಲಾ ನಾನು ಆರಿಸಿದ್ದು."

"ಅದಕ್ಕೇ ನಿನಗೇ ಕೊಡೋಣ ಅಂತ. ಒಂದ್ಸಲ ಹಾಕ್ಕೊಂಡ್ ನೋಡು."

ಹಾಕಿಕೊಂಡಳು. ಕಿತ್ತಳೆ ಅಂಗಿ ಅವಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಬಣ್ಣವೂ ಎಷ್ಟು ಒಪ್ಪಿತೆಂದರೆ ಮಗಳು ಕೂಡ ತಲೆದೂಗಿದಳು. ಪಾಪ, ಮೂರು ದಿನ ಅತ್ತಿಗೆಯನ್ನು ಮುಂದೆ ನಿಲ್ಲಿಸಿಕೊಂಡು ಅವಳು ತನ್ನನ್ನೇ ನೋಡಿ ಆರಿಸಿದ್ದಳು ಅಂತ ಅವಳಿಗೂ ಆಗಲೇ ಗೊತ್ತಾದದ್ದು. ಕನ್ನಡಿಯಲ್ಲಿ ಮೂರು ಸಲ ತಿರುಗಿ ನೋಡಿಕೊಂಡು, ಹೋಗಲಿ ಬಿಡಿ, ನಿಮಗೆ ಬೇಡ ಅಂದರೆ ಏನು ಮಾಡುವುದು ಎಂದು ಎಂಟನ್ನೂ ಸಂಕೋಚದಿಂದಲೇ ಮಡಚಿ ತೆಗೆದುಕೊಂಡು ಹೋದಳು.

ಇನ್ನು ಚಾರ್ಟು ನೋಡಿದರೆ ಒಂದು ಜಾಗ ಖಾಲಿ. ಮೂರೂ ಪ್ಯಾಂಟಿಗೆ, ಕೋಟಿಗೆ, ಸ್ವೆಟರಿಗೆ ಎಲ್ಲದಕ್ಕೂ ಹೋಗುವ ತಿಳಿ ಬಣ್ಣದ ಅಂಗಿ ಒಂದೂ ಇರಲಿಲ್ಲ. ಡ್ರೈವರಮ್ಮ ಒಂದು ಹಳೆಯ ಟಿಕೆಟಿನ ಹಿಂದೆ ಬರೆದುಕೊಂಡರು, ಕೆನೆ ಬಣ್ಣ, ಒಂದು ಜೇಬು, ತೋಳು ಮೊಣಕೈವರೆಗೆ. ಬುಧವಾರ ಡ್ಯೂಟಿ ಮುಗಿಸಿ ಒಬ್ಬರೇ ಅದೇ ನಾಲ್ಕು ಮಹಡಿಯ ಅಂಗಡಿಗೆ ಹೋದರು. ಟಿಕೆಟು ಮುಂದೆ ಹಿಡಿದು, ಇಷ್ಟು ತೋರಿಸಮ್ಮ, ಬೇರೆ ಏನೂ ತೋರಿಸಬೇಡ ಎಂದರು. ಟ್ರಯಲ್ ರೂಮಿನಲ್ಲಿ ಸ್ಟೂಲನ್ನು ಕಾಲಿನಿಂದ ಮೂಲೆಗೆ ತಳ್ಳಿ, ನಿಂತುಕೊಂಡು, ಗೋಡೆಯ ಮೇಲೆ ಬೆರಳಿನಿಂದ ಬಸ್ಸು ಬರೆದು ನೋಡಿದರು. ಹನ್ನೊಂದು ನಿಮಿಷಕ್ಕೆ ಹೊರಗೆ ಬಂದರು. ಅಂಗಡಿಯ ಹುಡುಗಿ ಇನ್ನೂ ಎರಡು ತೋರಿಸಲಾ ಎಂದಾಗ, ಬೇಡಮ್ಮ, ಬಸ್ಸು ಫುಲ್ಲು ಎಂದರಂತೆ.

ಗುರುವಾರದ ಹೊತ್ತಿಗೆ ತಾತ ಆರನ್ನೂ ಸರಿಮಾಡಿ, ಎರಡು ಕಡುನೀಲಿ ಪ್ಯಾಂಟಿನ ಪಟ್ಟಿ ಬಿಚ್ಚಿಕೊಟ್ಟರು. ಮೂರು ಪ್ಯಾಂಟು, ಐದು ಅಂಗಿ, ಒಂದು ಕೋಟು, ಒಂದು ಸ್ವೆಟರು. ಹತ್ತೇ. ಬೂದಿಗೆ ಬೂದು ಚುಕ್ಕಿ ಬೇಡ ಅಂತ ಮಗಳು ಒಂದು ಟ್ರಿಪ್ಪು ರದ್ದು ಮಾಡಿದರೂ, ಕೋಟು ಸ್ವೆಟರು ಲೆಕ್ಕಕ್ಕೆ ಹಿಡಿಯದೆಯೇ ಹದಿನಾಲ್ಕು ಟ್ರಿಪ್ಪು ಹೊರಟವು. ಡ್ರೈವರಮ್ಮ ಹಾಳೆಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದರು. ಸೋಮವಾರ ಬರೆಯಬೇಕಾಗಿದ್ದ ಕಾಗದವನ್ನು ಯಜಮಾನರು ಜ್ಞಾಪಿಸಲಿಲ್ಲ, ಇವರೂ ಕೇಳಲಿಲ್ಲ.

ಶನಿವಾರ ಕಡುಹಸಿರು ಅಂಗಿ, ಕಡುನೀಲಿ ಪ್ಯಾಂಟು. ಹಾಕಿಕೊಳ್ಳಲು ನಾಲ್ಕು ನಿಮಿಷ. ಹಾಲಿಗೆ ಹೋದವರೇ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಅಳತೆಯ ಬಸ್ಸು ಬರೆದರು. ಡ್ರೈವರ್ ಸೀಟಿನ ಜಾಗದಲ್ಲಿ ಒಂದು ಕುರ್ಚಿ. ಒಬ್ಬೊಬ್ಬರನ್ನೇ ಅಲ್ಲಿ ಕೂರಿಸುವುದು, ಉಳಿದವರನ್ನು ಬಸ್ಸಿನ ಸುತ್ತ ಬಚ್ಚಿಟ್ಟುಕೊಳ್ಳಿ ಎನ್ನುವುದು, ಎಲ್ಲಿ ನಿಂತರೆ ಡ್ರೈವರಿಗೆ ಕಾಣುವುದಿಲ್ಲ ಅಂತ ಅವರವರೇ ಕಂಡುಹಿಡಿಯುವುದು. ಡ್ರೈವರಮ್ಮ ಬಗ್ಗಿದರು, ಕುಕ್ಕರಗಾಲಲ್ಲಿ ಕೂತರು, ಹಿಂದಿನ ಚಕ್ರದ ಪಕ್ಕ ನೆಲದ ಮೇಲೆ ಮಲಗಿಯೂ ತೋರಿಸಿದರು. ಮೈಮೇಲೆ ಏನಿದೆ ಅನ್ನುವುದು ಅವರಿಗೂ ನೆನಪಿರಲಿಲ್ಲ, ನೋಡುವವರಿಗೂ ಇರಲಿಲ್ಲ. ಮ್ಯಾನೇಜರು ಯಾವಾಗಲೋ ಬಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಒಂದು ಗಂಟೆಯ ಪಾಠ ಎರಡಾಯಿತು.

ಕೊನೆಯಲ್ಲಿ, ಅಷ್ಟು ಹೊತ್ತೂ ಬಾಯಿ ಬಿಡದಿದ್ದ ಒಬ್ಬ ಹುಡುಗಿ ಕೈ ಎತ್ತಿದಳು.

"ಮೇಡಂ, ನಡುರಸ್ತೇಲಿ ಭಯ ಆದ್ರೆ ಏನ್ಮಾಡೋದು?"

"ನಿಧಾನ ಮಾಡು. ನನಗೆ ಈಗಲೂ ಆಗುತ್ತೆ, ಆಗ ನಿಧಾನ ಮಾಡ್ತೀನಿ. ಹಿಂದಿನವನು ಹಾರ್ನ್ ಹೊಡೀತಾನೆ. ಹೊಡ್ಕೊಳ್ಳಿ ಬಿಡು, ಅವನಿಗೂ ಒಂದು ಕೆಲ್ಸ ಬೇಕಲ್ಲ."

ಬಾಗಿಲಲ್ಲಿ ನಿಂತಿದ್ದ ಹಾರ್ನ್ ಮಾಮನ ಕಡೆ ಹದಿನಾಲ್ಕು ತಲೆಗಳೂ ತಿರುಗಿದವು. ಅವರೂ ಪಾಪ ನಕ್ಕುಬಿಟ್ಟರು.

ಸೋಮವಾರ ಬೆಳಿಗ್ಗೆ ಡ್ಯೂಟಿ ಬೋರ್ಡಿನಲ್ಲಿ ದೊಡ್ಡಾಸ್ಪತ್ರೆ–ಗಿರಣಿ ಗೇಟಿನ ಎದುರಿಗೆ ಬೇರೆ ಯಾರದೋ ಹೆಸರಿತ್ತು. ಡ್ರೈವರಮ್ಮ ಆ ಸಾಲನ್ನು ಇನ್ನೊಮ್ಮೆ ಓದಿದರು. ಹದಿನೆಂಟು ವರ್ಷದ ರೂಟು ತಾನೇ. ಆಮೇಲೆ ಕೆಳಗಿನ ಸಾಲು ಓದಿದರು, ತರಬೇತಿ ಹಾಲು, ಅದರ ಮುಂದೆ ಅವರ ಹೆಸರು. ಟೈಮ್ ಕೀಪರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಇನ್ನು ನನ್ನ ಕೈಗೆ ಸಿಗೋದಿಲ್ಲ ಬಿಡಿ ಎಂದು ಗೊಣಗಿದ. ಅದೇ ದಿನ ಮಧ್ಯಾಹ್ನ ಹಾರ್ನ್ ಮಾಮ ಹಾಲಿನ ಹತ್ತಿರ ಸುಳಿದಾಡಿ, ಆಚೀಚೆ ನೋಡಿ, ಆ ಆಲ್ಟರೇಶನ್ ತಾತನ ಅಂಗಡಿ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಕೆಲಸ ಸಿಕ್ಕೇ ಸಿಗುತ್ತದೆ ಅಂತ ಅವರೂ ಮೂರು ಕೋಟು ತಂದಿಟ್ಟಿದ್ದರಂತೆ. ಮೂರೂ ಮಂಡಿ ಮುಟ್ಟುತ್ತವಂತೆ.

ಈಗ ಡಿಪೋದಲ್ಲಿ ಯಾರೇ ನಿವೃತ್ತರಾಗಲಿ, ಯಾರ ಮಗಳಿಗೇ ಹೊಸ ಕೆಲಸ ಸಿಗಲಿ, ಅಂಗಡಿಗೆ ಹೋಗುವ ಮೊದಲು ಡ್ರೈವರಮ್ಮನ ಹತ್ತಿರ ಒಂದು ಸುತ್ತು ಬರುತ್ತಾರೆ. ಅವರು ಬಣ್ಣ ಕೇಳುವುದಿಲ್ಲ, ಬಟ್ಟೆ ಎಷ್ಟಿದೆ ಅಂತಲೂ ಕೇಳುವುದಿಲ್ಲ. ದಿನವೆಲ್ಲ ಏನು ಕೆಲಸ ಮಾಡುತ್ತೀರಿ, ಇಲ್ಲೇ ಮಾಡಿ ತೋರಿಸಿ ಎನ್ನುತ್ತಾರೆ. ಮೊನ್ನೆ ಬ್ಯಾಂಕಿನವರೊಬ್ಬರು ಖಾಲಿ ಮೇಜಿನ ಮೇಲೆ ಮುದ್ರೆ ಒತ್ತಿ ತೋರಿಸಿದರಂತೆ, ದಾದಿಯೊಬ್ಬಳು ಇಲ್ಲದ ರೋಗಿಯನ್ನು ಎತ್ತಿ ಕೂರಿಸಿದಳಂತೆ. ನೋಡಿದ ಮೇಲೆ ಒಂದು ಹಾಳೆಯ ಮೇಲೆ ಗೆರೆ ಎಳೆದು ಕೊಡುತ್ತಾರೆ. ನೀವೂ ಹೋಗಿ ಬನ್ನಿ. ಡಿಪೋದ ಹಿಂಭಾಗ, ಟೈರು ಪೇರಿಸಿಟ್ಟ ಗೋಡೆ ದಾಟಿದರೆ ಮೂರನೇ ಬಾಗಿಲು. ಹನ್ನೊಂದಕ್ಕೆ ತರಗತಿ ಬಿಡುತ್ತದೆ, ಆಗ ಹೊರಗಿನ ಕಲ್ಲಿನ ಮೇಲೆ ಟೀ ಕುಡಿಯುತ್ತಾ ಕೂತಿರುತ್ತಾರೆ. ಪರಿಚಯ ಇಲ್ಲ ಅಂತ ಹಿಂಜರಿಯಬೇಡಿ. ಹತ್ತಿರ ಹೋಗಿ ನಿಂತರೆ ಸಾಕು, ಮೊದಲ ಮಾತು ಅವರೇ ಆಡುತ್ತಾರೆ.